ಬಯಲುಸೀಮೆಯ ದ್ರಾಕ್ಷಾಬಳ್ಳಿಯೂ ಬಲಿಪೀಠದ ಪಾನಪಾತ್ರೆಯೂ

ಬಲಿಪೂಜೆಯ ದ್ರಾಕ್ಷಾರಸದ ವಿಷಯದಲ್ಲಿ ಧರ್ಮಸಭೆಯ ಕಾನೂನು ಮಿತಭಾಷಿ. 1983ರ ಕಾನೂನು ಸಂಹಿತೆಯ 924ನೆಯ ನಿಯಮದ ಪ್ರಕಾರ ರಸವು ದ್ರಾಕ್ಷಾಫಲದಿಂದಲೇ ಆದದ್ದಾಗಿರಬೇಕು, ಸಹಜವಾಗಿರಬೇಕು, ಕೆಟ್ಟಿರಬಾರದು. ಬಳ್ಳಿ ಯಾವ ನೀರನ್ನು ಕುಡಿದು ಬದುಕಿತೆಂದು ನಿಯಮ ಕೇಳುವುದಿಲ್ಲ. ಸಂಸ್ಕಾರದ ಸಿಂಧುತ್ವಕ್ಕೆ ಆ ಪ್ರಶ್ನೆ ಬೇಕಾಗಿಯೂ ಇಲ್ಲ. ಆದರೆ ಕಾಣಿಕೆಗಳನ್ನು ಅರ್ಪಿಸುವಾಗ ನಾವು ಆ ರಸವನ್ನು ಬಳ್ಳಿಯ ಫಲವೆಂದೂ ಮಾನವನ ದುಡಿಮೆಯೆಂದೂ ಒಪ್ಪಿಕೊಳ್ಳುತ್ತೇವೆ. ಹಾಗೆ ಒಪ್ಪಿದ ಮೇಲೆ ಬಳ್ಳಿಯ ಚರಿತ್ರೆ ದೈವಶಾಸ್ತ್ರದ ಹೊರಗೆ ಉಳಿಯಲಾರದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ದ್ರಾಕ್ಷಿ ಬೆಳೆಯದ ನಾಡಿನಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ಹಳೆಯದು. ಸಂತ ತೋಮಾಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದ ಮೂರನೆಯ ಭಾಗದ 74ನೆಯ ಪ್ರಶ್ನೆಯಲ್ಲಿ ಅದನ್ನು ಎತ್ತಿಕೊಂಡು, ಸಂಸ್ಕಾರಕ್ಕೆ ಸಾಕಾಗುವಷ್ಟನ್ನು ಬೇರೆಡೆಯಿಂದ ತರಬಹುದೆಂದು ಉತ್ತರಿಸಿದರು. 18ನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾಪುರ ಸೀಮೆಯನ್ನು ತಲುಪಿದ ಫ್ರೆಂಚ್ ಯೇಸುಸಭೆಯ ಕರ್ನಾಟಿಕ್ ಮಿಷನ್ನಿಗೂ, ಅನಂತರ ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುಗಳಿಗೂ ಈ ಉತ್ತರ ಅನ್ವಯಿಸುವಂಥದ್ದೇ.

19ನೆಯ ಶತಮಾನದಲ್ಲಿ ಬೆಂಗಳೂರಿನ ಸುತ್ತ ಒಂದು ಬಳ್ಳಿ ನೆಲೆಯೂರಿತು. ಅದೇ ‘ಬೆಂಗಳೂರು ನೀಲಿ’. ಕಲ್ಲುಕಂಬಗಳ ಚಪ್ಪರದ ಮೇಲೆ ಹಬ್ಬುವ, ದಪ್ಪ ಸಿಪ್ಪೆಯ, ಬೀಜವುಳ್ಳ, ಗಾಢ ಪರಿಮಳದ ಈ ಹಣ್ಣಿನಿಂದ ಸಿಹಿಯಾದ ಕೆಂಪು ದ್ರಾಕ್ಷಾರಸ ಸಿದ್ಧವಾಗುತ್ತದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಇದು ಸತ್ಯವೇದದ ನಾಡಿನ ಜಾತಿಯ ಬಳ್ಳಿಯಲ್ಲ. ಉತ್ತರ ಅಮೆರಿಕದ ಲಬ್ರುಸ್ಕಾ ಕುಲದ್ದು, ಇಸಬೆಲ್ಲಾ ತಳಿಯ ಬಂಧು. 1930ರ ದಶಕದಲ್ಲಿ ಫ್ರಾನ್ಸ್ ಸರ್ಕಾರ ಇಸಬೆಲ್ಲಾ ತಳಿಯ ದ್ರಾಕ್ಷಾರಸವನ್ನು ನಿಷೇಧಿಸಿತು. ಆ ನಿಷೇಧ ರಾಜ್ಯದ ಕಾನೂನಿಗೆ ಸೇರಿದ್ದು. ಧರ್ಮಸಭೆ ಅಂಥ ಭೇದವನ್ನು ಮಾಡಲಿಲ್ಲ. ಅಮೆರಿಕದ ರೋಚೆಸ್ಟರಿನ ಧರ್ಮಾಧ್ಯಕ್ಷ ಬರ್ನಾರ್ಡ್ ಮೆಕ್ವೇಡರು 1872ರಲ್ಲಿ ಪೂಜಾರಸಕ್ಕಾಗಿಯೇ ದ್ರಾಕ್ಷಾತೋಟವನ್ನು ಸ್ಥಾಪಿಸಿದ್ದು ಇಂಥ ಬಳ್ಳಿಗಳ ತವರುನಾಡಿನಲ್ಲೇ. ರಸ ಶುದ್ಧವಾಗಿದ್ದರೆ ನಮ್ಮ ನೀಲಿ ದ್ರಾಕ್ಷಿಯೂ ಬಲಿಪೀಠಕ್ಕೆ ಯೋಗ್ಯ.

ಕುಲದ ಪ್ರಶ್ನೆ ಹೀಗೆ ಬಗೆಹರಿಯುತ್ತದೆ. ನೀರಿನ ಪ್ರಶ್ನೆ ಉಳಿಯುತ್ತದೆ. ಸತ್ಯವೇದದ ದ್ರಾಕ್ಷಾಬಳ್ಳಿ ಮಳೆಯನ್ನೇ ನಂಬಿದ ಬಳ್ಳಿ. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯ, ನೀರು ಹಾಯಿಸಿ ಬೆಳೆಯುವ ಈಜಿಪ್ಟನ್ನೂ ಆಕಾಶದ ಮಳೆಯನ್ನು ಕುಡಿಯುವ ವಾಗ್ದತ್ತ ನಾಡನ್ನೂ ಎದುರುಬದುರು ನಿಲ್ಲಿಸುತ್ತದೆ. ಯೆಶಾಯನ 5ನೆಯ ಅಧ್ಯಾಯದಲ್ಲಿ ತೋಟದ ಯಜಮಾನ ವಿಧಿಸುವ ದಂಡನೆಗಳಲ್ಲಿ ಮೋಡಗಳಿಗೆ ಮಳೆ ಸುರಿಸದಂತೆ ಆಜ್ಞಾಪಿಸುವುದೂ ಒಂದು. ಮಳೆಯೊಂದನ್ನೇ ಆಧರಿಸಿದ ತೋಟಕ್ಕೆ ಮಾತ್ರ ಅದು ದಂಡನೆಯಾದೀತು.

ಜೆರುಸಲೇಮಿನಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಚಿಕ್ಕಬಳ್ಳಾಪುರದಲ್ಲಿ ಸುಮಾರು 700. ಹಾಗಿದ್ದೂ ಅಲ್ಲಿಯ ಬಳ್ಳಿ ಮಳೆಯಿಂದ ಬದುಕಿತು, ಇಲ್ಲಿಯದಕ್ಕೆ ನೀರೆರೆಯಬೇಕಾಯಿತು. ಅಲ್ಲಿ ಬಳ್ಳಿ ನಿದ್ರಿಸುವ ಚಳಿಗಾಲದಲ್ಲೇ ಮಳೆ ಸುರಿದು ಬೆಟ್ಟದ ಮಣ್ಣಿನಲ್ಲಿ ಇಂಗುತ್ತದೆ. ಆಳಕ್ಕಿಳಿದ ಹಳೆಯ ಬೇರು ಬೇಸಿಗೆಯಲ್ಲಿ ಅದನ್ನು ಹುಡುಕಿಕೊಳ್ಳುತ್ತದೆ. ಇಲ್ಲಿ ಬಳ್ಳಿಗೆ ಅಂಥ ದೀರ್ಘ ನಿದ್ರೆಯಿಲ್ಲ. ವರ್ಷಕ್ಕೆ ಎರಡು ಬಾರಿ ಸವರಿದರೆ ಎರಡು ಫಸಲು ಬರುತ್ತದೆ. ಎರಡಕ್ಕೂ ನೀರು ಬೇಕು.

ಆ ನೀರಿನ ಕಥೆಯೇ ಈ ಸೀಮೆಯ ಕಥೆ. ನಂದಿ ಬೆಟ್ಟಸಾಲು ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳ ತವರು. ಆದರೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳ ಸರಪಣಿ, ತೆರೆದ ಬಾವಿ, ಎತ್ತು ಎಳೆಯುವ ಕಪಿಲೆ: ಇವು ಹಿಂದಿನವರ ಆಸರೆಗಳು. ಕಪಿಲೆಯ ನೀರಿಗೆ ಬಾವಿಯ ಒರತೆಯೇ ಮಿತಿ ಹಾಕುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಆ ಮಿತಿ ಕಣ್ಮರೆಯಾಯಿತು. ದ್ರಾಕ್ಷಿಗೆ, ಶಿಡ್ಲಘಟ್ಟದ ರೇಷ್ಮೆಯ ಹಿಪ್ಪುನೇರಳೆಗೆ, ತರಕಾರಿಗೆ ಒಂದೇ ಪಾತಾಳದಿಂದ ನೀರೆತ್ತಿದೆವು. ಇಂದು ಎಷ್ಟೋ ಕಡೆ 1,000 ಅಡಿ ಕೊರೆದರೂ ನೀರು ಖಚಿತವಿಲ್ಲ. ಸಿಕ್ಕ ನೀರಿನಲ್ಲಿ ಫ್ಲೋರೈಡ್. 2016ರ ಮಾರ್ಚಿನಲ್ಲಿ ಶಾಶ್ವತ ನೀರಾವರಿಯನ್ನು ಕೇಳಿ ಈ ನಾಡಿನ ರೈತರು ಟ್ರ್ಯಾಕ್ಟರುಗಳಲ್ಲಿ ರಾಜಧಾನಿಯತ್ತ ಹೊರಟದ್ದು ನಮ್ಮ ಕಾಲದ ಚರಿತ್ರೆ.

ಇಷ್ಟರಿಂದ ದ್ರಾಕ್ಷಿ ಬೆಳೆಯುವವನನ್ನು ದೂಷಿಸುವುದು ಅನ್ಯಾಯ. ಸಾಲ ಮಾಡಿ ಕೊರೆಸಿದ ಬಾವಿ ಬತ್ತಿದಾಗ ಮೊದಲು ಒಣಗುವುದು ಅವನದೇ ಚಪ್ಪರ. ಯೆಶಾಯನೂ ಬಳ್ಳಿಯ ಮಾತನ್ನು ಮುಗಿಸಿದೊಡನೆ ನ್ಯಾಯದ ಮಾತಿಗೆ ತಿರುಗುತ್ತಾನೆ. ಹೊಲಕ್ಕೆ ಹೊಲ ಕೂಡಿಸುವವರನ್ನು ಎಚ್ಚರಿಸುತ್ತಾನೆ.

ದೈವಾರಾಧನಾ ಆಯೋಗ 2017ರಲ್ಲಿ ಧರ್ಮಾಧ್ಯಕ್ಷರಿಗೆ ಬರೆದ ಸುತ್ತೋಲೆ, ರೊಟ್ಟಿ ದ್ರಾಕ್ಷಾರಸಗಳ ಗುಣವನ್ನೂ ಅವುಗಳನ್ನು ಸಿದ್ಧಪಡಿಸುವವರನ್ನೂ ಗಮನಿಸುವ ಹೊಣೆಯನ್ನು ನೆನಪಿಸಿತು. ಪೋಪ್ ಫ್ರಾನ್ಸಿಸರ 2015ರ ‘ಲೌದಾತೊ ಸೀ’ ಶುದ್ಧ ನೀರನ್ನು ಮೂಲಭೂತ ಮಾನವ ಹಕ್ಕೆಂದು ಸಾರಿತು. ಈ ಎರಡನ್ನೂ ಜೊತೆಯಾಗಿ ಓದಬೇಕಾದ ಸ್ಥಳ ನಮ್ಮ ಬಯಲುಸೀಮೆ. ರಸ ಶುದ್ಧವೇ ಎಂದು ವಿಚಾರಿಸುವ ಗುರು, ಅದರ ಬಳ್ಳಿಗೆ ನೀರೆರೆದ ಊರಿನಲ್ಲಿ ಕುಡಿಯುವ ನೀರಿದೆಯೇ ಎಂದೂ ವಿಚಾರಿಸಲಿ. ನಮ್ಮ ದೇವಾಲಯ, ಶಾಲೆ, ಗುರುಮಠಗಳ ಛಾವಣಿಯ ಮಳೆನೀರು ಚರಂಡಿಗೆ ಹೋಗದೆ ನೆಲಕ್ಕೆ ಇಳಿಯಲಿ; ಊರಿನವರು ಕೆರೆಯ ಹೂಳೆತ್ತುವ ದಿನ ನಮ್ಮವರೂ ಬುಟ್ಟಿ ಹಿಡಿದು ನಿಲ್ಲಲಿ. ಪಾನಪಾತ್ರೆಯ ರಸಕ್ಕೆ ನಾವು ಬೆರೆಸುವ ನೀರು ಒಂದು ಹನಿ. ಆ ಹನಿಯ ಋಣ ಮಾತ್ರ ದೊಡ್ಡದು.