ಆರತಿ ಸಾಹಾ: ಇಂಗ್ಲಿಷ್ ಕಡಲ್ಗಾಲುವೆ ಈಜಿದ ಏಷ್ಯಾದ ಮೊದಲ ಮಹಿಳೆ
(1940–1994)

ಕೋಲ್ಕತ್ತದಲ್ಲಿ ಹುಟ್ಟಿದ ಆರತಿ ಎಳವೆಯಲ್ಲೇ ಈಜು ಕಲಿತರು. ಅವರ ಪ್ರತಿಭೆಯನ್ನು ಗುರುತಿಸಿ ಬೆಳೆಸಿದವರು 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಈಜುಗಾರ ಸಚಿನ್ ನಾಗ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆಗೆ ಇಳಿದಾಗ ಆರತಿಗೆ ಇನ್ನೂ 11 ವರ್ಷ.

ಸೋತು ಗೆದ್ದ ಕಡಲು
1959ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಿಂದ ಇಂಗ್ಲೆಂಡಿನತ್ತ ಈಜಲು ಹೊರಟ ಅವರು, ದಡ ಕೆಲವೇ ಮೈಲಿ ದೂರವಿದ್ದಾಗ ಎದುರು ಸೆಳೆತಕ್ಕೆ ಸಿಕ್ಕಿ ಪ್ರಯತ್ನ ಕೈಬಿಡಬೇಕಾಯಿತು. ಸುಮಾರು ಒಂದು ತಿಂಗಳ ಬಳಿಕ, ಸೆಪ್ಟೆಂಬರ್ 29ರಂದು, ಮತ್ತೆ ನೀರಿಗಿಳಿದರು. ಫ್ರಾನ್ಸ್‌ನ ಕೇಪ್ ಗ್ರಿ ನೇಯಿಂದ ಹೊರಟು 16 ಗಂಟೆ 20 ನಿಮಿಷಗಳಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ತಲುಪಿ ಭಾರತದ ಬಾವುಟ ಹಾರಿಸಿದರು.

ದೂರದ ಲೆಕ್ಕ
ನೇರ ಗೆರೆಯಲ್ಲಿ ಕಡಲ್ಗಾಲುವೆಯ ಅತಿ ಕಿರಿದಾದ ಭಾಗ ಸುಮಾರು 33 ಕಿ.ಮೀ. ಆದರೆ ಉಬ್ಬರ–ಇಳಿತಗಳು ಈಜುಗಾರರನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆಯುತ್ತವೆ. ಹಾಗಾಗಿ ಆರತಿ ಕ್ರಮಿಸಿದ ದೂರ 42 ಮೈಲಿ (ಸುಮಾರು 68 ಕಿ.ಮೀ.). ಕಡಲ್ಗಾಲುವೆ ಈಜುವವರ ಜೊತೆಗೆ ದೋಣಿ ಸಾಗುತ್ತದೆ, ಊಟ–ನೀರು ಅಲ್ಲಿಂದಲೇ ಬರುತ್ತದೆ. ಆದರೆ ದಣಿದ ಕೈ ಒಮ್ಮೆ ದೋಣಿಯನ್ನು ಹಿಡಿದರೂ ಈಜು ಅನೂರ್ಜಿತ.

ಗೌರವ
1960ರಲ್ಲಿ ಪದ್ಮಶ್ರೀ ಪಡೆದ ಆರತಿ, ಆ ಪ್ರಶಸ್ತಿಗೆ ಪಾತ್ರರಾದ ದೇಶದ ಮೊದಲ ಮಹಿಳಾ ಕ್ರೀಡಾಪಟು. 1999ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಬಂದಿತು.