ಪಕ್ಕದ ಹೊಲದ ಬೋರ್ ಯಂತ್ರದ ಗಡಗಡಕ್ಕೆ ನಮ್ಮ ಬೋರ್‌ವೆಲ್ ಬತ್ತುತ್ತದೆಯೇ?

ಬೇಸಿಗೆ ಬಂತೆಂದರೆ ಹುಕ್ಕೇರಿ ತಾಲೂಕಿನ ದಡ್ಡಿ ಸುತ್ತಮುತ್ತಲಿನಂಥ ಊರುಗಳಲ್ಲಿ ರಾತ್ರಿಯಿಡೀ ಬೋರ್ ಲಾರಿಗಳ ಸದ್ದು. ಜೊತೆಗೇ ಮೊಬೈಲಿನಲ್ಲಿ, ಕಟ್ಟೆಯ ಮೇಲೆ ಒಂದು ಮಾತು ಓಡಾಡುತ್ತದೆ: "ಪಕ್ಕದವರು ಬೋರ್ ಹೊಡೆಸಿದ ಕಂಪನಕ್ಕೆ ನಮ್ಮ ನೀರಿನ ಸೆಲೆ ಮುಚ್ಚಿಹೋಯಿತು." ಇದರಿಂದ ಅಣ್ಣತಮ್ಮಂದಿರ ನಡುವೆಯೂ ಜಗಳ ಹತ್ತುವುದುಂಟು. ಇದರಲ್ಲಿ ನಿಜ ಎಷ್ಟು?

ಚುಟುಕಾಗಿ ಹೇಳುವುದಾದರೆ: ಪಕ್ಕದ ಬೋರ್‌ನಿಂದ ನಿಮ್ಮ ನೀರು ಕಡಿಮೆಯಾಗಬಹುದು. ಆದರೆ ಸಾಮಾನ್ಯವಾಗಿ ಅದಕ್ಕೆ ಕಾರಣ ಕಂಪನವಲ್ಲ, ಪಂಪು.

ಯಂತ್ರ ಕಲ್ಲನ್ನು ಹೇಗೆ ಕೊರೆಯುತ್ತದೆ?

ಬಡಗಿಯ ಡ್ರಿಲ್‌ನಂತೆ ತಿರುಗುತ್ತಾ ಕೊರೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ನಮ್ಮಲ್ಲಿ ಬರುವ ಹೆಚ್ಚಿನ ರಿಗ್‌ಗಳು ಕೊರೆಯುವುದಕ್ಕಿಂತ ಹೆಚ್ಚಾಗಿ ಕುಟ್ಟುತ್ತವೆ. ಕಲ್ಲುಕುಟಿಗ ಉಳಿಯ ಮೇಲೆ ಸುತ್ತಿಗೆಯಿಂದ ಹೊಡೆದು, ಉಳಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಹೊಡೆಯುತ್ತಾನಲ್ಲ, ಅದೇ ಕೆಲಸ.

ಪಕ್ಕದಲ್ಲಿ ನಿಂತ ಕಂಪ್ರೆಸರ್ ಭಾರೀ ಒತ್ತಡದ ಗಾಳಿಯನ್ನು ಪೈಪಿನೊಳಗೆ ತಳ್ಳುತ್ತದೆ. ಪೈಪಿನ ತುದಿಯಲ್ಲಿ ಹ್ಯಾಮರ್ ಇರುತ್ತದೆ. ಗಾಳಿ ಅದರೊಳಗಿನ ಪಿಸ್ಟನ್ ಅನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಿಟ್‌ನ ಮೇಲೆ ಬಡಿಸುತ್ತದೆ. ಬಿಟ್‌ನ ಮುಖದಲ್ಲಿ ಟಂಗ್‌ಸ್ಟನ್ ಕಾರ್ಬೈಡ್‌ನ ಗಟ್ಟಿ ಗುಂಡಿಗಳಿವೆ. ಕಲ್ಲು ಒತ್ತಡ ತಡೆದೀತು, ಆದರೆ ಪೆಡಸು. ಪ್ರತಿ ಏಟಿಗೂ ಸಣ್ಣ ಬಿರುಕು ಎದ್ದು ಚೂರು ಹಾರುತ್ತದೆ. ಪ್ರತಿ ಏಟು ಹೊಸ ಜಾಗಕ್ಕೆ ಬೀಳಲಿ ಎಂದು ಪೈಪು ನಿಧಾನವಾಗಿ ತಿರುಗುತ್ತದೆ, ಅಷ್ಟೇ. ಅದೇ ಗಾಳಿ ಚೂರುಗಳನ್ನು ಮೇಲಕ್ಕೆ ಊದುತ್ತದೆ. ನಾವು ನೋಡುವ ಬೂದು ಧೂಳು ಅದೇ.

ಮಣ್ಣಿನಲ್ಲಿ ಬೇರೆಯೇ ಲೆಕ್ಕ

ಮೆತ್ತಗಿನ ಮಣ್ಣು ಏಟಿಗೆ ಒಡೆಯುವುದಿಲ್ಲ, ಕುಸಿಯುತ್ತದೆ. ಅದಕ್ಕೇ ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ.

ನಿಜವಾಗಿ ಕಂಪನದಿಂದಲೇ ಕೊರೆಯುವ ಯಂತ್ರವೂ ಇದೆ. ಅದರ ಹೆಸರು ಸೋನಿಕ್ ರಿಗ್. ಅದು ಪೈಪನ್ನು ಸೆಕೆಂಡಿಗೆ ಸುಮಾರು 50ರಿಂದ 150 ಸಲ ನಡುಗಿಸುತ್ತದೆ. ಜೋಳದ ಚೀಲಕ್ಕೆ ಕೋಲು ನೇರವಾಗಿ ಚುಚ್ಚಿದರೆ ಇಳಿಯುವುದಿಲ್ಲ. ಅಲುಗಾಡಿಸುತ್ತಾ ಒತ್ತಿದರೆ ಸಲೀಸಾಗಿ ಇಳಿಯುತ್ತದೆ. ಹಾಗೆಯೇ ಪೈಪಿಗೆ ಅಂಟಿದ ಮಣ್ಣಿನ ಕಣಗಳು ಹಿಡಿತ ಸಡಿಲಿಸುತ್ತವೆ. ಇದನ್ನು ಹೆಚ್ಚಾಗಿ ಮಣ್ಣಿನ ಮಾದರಿ ತೆಗೆಯಲು, ಗಣಿ ಶೋಧನೆಗೆ ಬಳಸುತ್ತಾರೆ. ಹೊಲಕ್ಕೆ ಬರುವ ಲಾರಿ ಇದಲ್ಲ.

ಹಾಗಾದರೆ ನೀರು ಕಡಿಮೆಯಾಗುವುದೇಕೆ?

ಹುಕ್ಕೇರಿ ಭಾಗದ ಹೆಚ್ಚಿನ ಕಡೆ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆರಿದ ಕಪ್ಪು ಬಸಾಲ್ಟ್. ಗೋಕಾಕದಲ್ಲಿ ಘಟಪ್ರಭಾ ನದಿ 52 ಮೀಟರ್ ಧುಮುಕುವುದು ಮರಳುಗಲ್ಲಿನ ಬಂಡೆಯಿಂದ. ಎರಡರಲ್ಲೂ ನೀರು ನಿಲ್ಲುವುದು ಮುಖ್ಯವಾಗಿ ಬಿರುಕುಗಳಲ್ಲಿ, ಸವೆದ ಪದರಗಳಲ್ಲಿ. ಭೂಮಿಯೊಳಗೆ ಹೊಳೆಯೇನೂ ಹರಿಯುವುದಿಲ್ಲ.

ಒಂದೇ ಬಿರುಕಿಗೆ ಎರಡು ಬೋರ್ ತಗುಲಿದರೆ, ಒಂದೇ ಲೋಟಕ್ಕೆ ಎರಡು ಸ್ಟ್ರಾ ಹಾಕಿದಂತೆ. ಪಕ್ಕದಲ್ಲಿ ಕೊರೆಯುವಾಗ ನಿಮ್ಮ ಬೋರ್‌ನಿಂದ ಗಾಳಿ ಅಥವಾ ಕೆಸರು ನೀರು ಉಕ್ಕಿದರೆ, ಎರಡೂ ಒಳಗೇ ಕೂಡಿವೆ ಎಂದರ್ಥ. ಇಂಥ ಹೊತ್ತಿನಲ್ಲಿ ಪಂಪು ನಿಲ್ಲಿಸುವುದು ಒಳ್ಳೆಯದು. ಕೆಸರು ಪಂಪನ್ನು ಹಾಳುಮಾಡಬಹುದು. ಹ್ಯಾಮರ್‌ನ ಕಂಪನವಾದರೋ ದೂರ ಹೋದಂತೆ ಬೇಗನೆ ಕುಗ್ಗುತ್ತದೆ.

ಪರೀಕ್ಷೆ ಸುಲಭ. ಇಬ್ಬರೂ ಒಪ್ಪಿ, ಪಕ್ಕದವರ ಪಂಪನ್ನು ಒಂದೆರಡು ದಿನ ನಿಲ್ಲಿಸಿ ನಿಮ್ಮ ನೀರಿನ ಮಟ್ಟ ಅಳೆಯಿರಿ. ಏರಿದರೆ ಸೆಲೆ ಒಂದೇ. ಜಗಳಕ್ಕಿಂತ ಪಾಳಿ ಹಾಕಿಕೊಳ್ಳುವುದು ಲಾಭ.

"ಇನ್ನೂ ನೂರು ಅಡಿ ಹೋದರೆ ನೀರು ಗ್ಯಾರಂಟಿ"

ಇದೂ ತಪ್ಪು. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಕಡಿಮೆಯಾಗುತ್ತಾ, ಬಿಗಿಯಾಗುತ್ತಾ ಹೋಗುತ್ತವೆ. ಬಿಲ್ ಮಾತ್ರ ಅಡಿ ಲೆಕ್ಕದಲ್ಲಿ ಏರುತ್ತದೆ.

ಭೂಕಂಪ ಆಗುತ್ತದೆಯೇ?

ಇಲ್ಲ. 1993ರ ಕಿಲ್ಲಾರಿ ಭೂಕಂಪದಂಥವು ಹುಟ್ಟುವುದು ನೆಲದಡಿ ಕಿಲೋಮೀಟರ್‌ಗಟ್ಟಲೆ ಆಳದ ಬಂಡೆಗಳ ಒತ್ತಡದಿಂದ. ಕೆಲವು ನೂರು ಅಡಿಯ ಬೋರ್ ಅಲ್ಲಿಗೆ ಮುಟ್ಟುವುದೇ ಇಲ್ಲ.

ನಿಜವಾದ ಅಪಾಯಗಳು

ಒಂದು, ಧೂಳು. ಮರಳುಗಲ್ಲಿನ ಧೂಳಿನಲ್ಲಿ ಸಿಲಿಕಾ ಹೆಚ್ಚು. ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರಿಗೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗ ಬರಬಹುದು. ಮಕ್ಕಳನ್ನು ರಿಗ್ ಹತ್ತಿರ ನಿಲ್ಲಿಸಬೇಡಿ.

ಎರಡು, ನೀರು ಬಾರದೆ ಬಿಟ್ಟ ಕೊಳವೆ. 2017ರ ಏಪ್ರಿಲ್‌ನಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ಇಂಥ ಬಾವಿಗೆ ಬಿದ್ದು ತೀರಿಕೊಂಡಳು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗು ಸುಮಾರು 20 ಗಂಟೆಗಳ ಬಳಿಕ ಬದುಕಿ ಬಂತು. ಕಂಪನ ನಿಜಕ್ಕೂ ಅಪಾಯಕಾರಿಯಾಗುವುದು ಇಂಥಲ್ಲೇ. ಪಕ್ಕದಲ್ಲಿ ಗುಂಡಿ ತೋಡುವಾಗ ಯಂತ್ರ ಜೋರಾಗಿ ಕುಟ್ಟಿದರೆ ಸಡಿಲ ಮಣ್ಣು ಮಗುವಿನ ಮೇಲೆ ಬೀಳಬಹುದು. ಹಾಗಾಗಿ ಕೊನೆಯ ಅಡಿಗಳನ್ನು ನಿಧಾನವಾಗಿ, ಬಹುಪಾಲು ಕೈಯಿಂದಲೇ ಅಗೆಯಬೇಕಾಗುತ್ತದೆ.

2010ರಲ್ಲೇ ಸುಪ್ರೀಂ ಕೋರ್ಟ್ ನಿಯಮ ಹೇಳಿದೆ: ಕೊರೆಯುವ 15 ದಿನ ಮೊದಲು ಲಿಖಿತವಾಗಿ ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಬಾಯಿಗೆ ಗಟ್ಟಿ ಮುಚ್ಚಳ ಕೂರಿಸಬೇಕು, ಬಿಟ್ಟುಬಿಟ್ಟ ಬೋರ್ ಅನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು.

ಕಂಪನದ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ. ನಿಮ್ಮ ಹೊಲದಲ್ಲಿ ಬಾಯಿ ತೆರೆದ ಬೋರ್ ಇದ್ದರೆ ಇಂದೇ ಮುಚ್ಚಿ. ಊರಿನ ಗ್ರೂಪಿಗೆ ಈ ಮಾತನ್ನು ಕಳಿಸಿ.