ಕುಟುಂಬದ ಮೂಲ ಮತ್ತು ವಂಶವೃಕ್ಷ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ಹಳೆಯ ದಾಖಲೆಗಳು

ವಾರಸಾ ನೋಂದಣಿ, ಜಮೀನಿನ ವಿಭಾಗ ಮುಂತಾದ ಕಾರ್ಯಗಳಿಗೆ ಅರ್ಜಿದಾರರು ಕುಟುಂಬದ ವಂಶವೃಕ್ಷವನ್ನು ಸಲ್ಲಿಸಬೇಕಾಗುತ್ತದೆ. ಊರಿಗೆ ಮೊದಲು ಬಂದು ನೆಲೆಸಿದ ಮೂಲಪುರುಷನಿಂದ ಇಂದಿನ ಪೀಳಿಗೆಯವರೆಗಿನ ಸಂಬಂಧವನ್ನು ಅರಿಯಲು, ಗ್ರಾಮವು ಹಿಂದೆ ಯಾವ ಆಡಳಿತಕ್ಕೆ ಒಳಪಟ್ಟಿತ್ತೆಂಬುದನ್ನು ಮೊದಲು ತಿಳಿಯುವುದು ಅವಶ್ಯ.

ಆಡಳಿತದ ಹಿನ್ನೆಲೆ

ಬ್ರಿಟಿಷ್ ಆಡಳಿತದಲ್ಲಿ ಗದಗ ಹಾಗೂ ಮುಂಡರಗಿ ಭಾಗಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಹಿರಿಯ ಮಿರಜ ಸಂಸ್ಥಾನಕ್ಕೂ ಒಳಪಟ್ಟಿದ್ದವು. ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆ ರಚನೆಯಾಯಿತು. ಲಕ್ಷ್ಮೇಶ್ವರವು ನಂತರ ಶಿರಹಟ್ಟಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು.

ಆದುದರಿಂದ ಕೆಲವೇ ಹರದಾರಿ ಅಂತರದ ಎರಡು ಗ್ರಾಮಗಳ ಹಳೆಯ ಕಾಗದಪತ್ರಗಳು ಬೇರೆ ಬೇರೆ ಆಡಳಿತಗಳಿಗೆ ಸಂಬಂಧಿಸಿರಬಹುದು. ಹಿಂದಿನ ಅನೇಕ ಪತ್ರಗಳು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿವೆ. ಇವುಗಳನ್ನು ಲಿಪಿ ಬಲ್ಲವರಿಂದ ಓದಿಸಿ ಕನ್ನಡದಲ್ಲಿ ಬರೆಯಿಸಿಕೊಳ್ಳುವುದು ಸೂಕ್ತ.

ದಾಖಲೆಗಳನ್ನು ಪರಿಶೀಲಿಸುವ ಕ್ರಮ

1. ಇಂದಿನ ಉತಾರದಿಂದ (ಪಹಣಿ) ಆರಂಭಿಸಿ ಹಿಂದಿನ ವರ್ಷಗಳತ್ತ ಸಾಗಬೇಕು. ಹಿಸ್ಸಾ ನಂಬರುಗಳಿಂದ ಸಹೋದರರ ನಡುವೆ ಆದ ಪಾಲುಗಳ ಸುಳಿವು ದೊರೆಯಬಹುದು.
2. ಖಾತೆದಾರರ ಮರಣಾನಂತರದ ವಾರಸಾ ನಮೂದು ತಂದೆ-ಮಕ್ಕಳ ಸಂಬಂಧಕ್ಕೆ ಮುಖ್ಯ ಆಧಾರವಾಗುತ್ತದೆ.
3. ದತ್ತಕವಾಗಿದ್ದಲ್ಲಿ ಜನಕ ತಂದೆ ಹಾಗೂ ದತ್ತಕ ತಂದೆ ಇಬ್ಬರ ಹೆಸರನ್ನೂ ಗುರುತಿಸಿಕೊಳ್ಳಬೇಕು. ಇಲ್ಲವಾದಲ್ಲಿ ಒಬ್ಬನೇ ವ್ಯಕ್ತಿ ಇಬ್ಬರಂತೆ ಕಾಣುವ ಸಂಭವವಿದೆ.
4. ಪಾಟೀಲ, ಕುಲಕರ್ಣಿ, ದೇಸಾಯಿ ಮುಂತಾದ ಅಡ್ಡಹೆಸರುಗಳು ಹುದ್ದೆ ಅಥವಾ ವತನದಿಂದ ಬಂದವು. ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ಕುಟುಂಬ ಒಂದೇ ಎಂದು ಭಾವಿಸಬಾರದು.
5. ಬೆಟಗೇರಿಯ ನೇಕಾರ ಕುಟುಂಬಗಳಂತೆ ಜಮೀನಿಲ್ಲದವರು ಮನೆಯ ಆಸ್ತಿ ದಾಖಲೆ, ಜನನ-ಮರಣ ನೋಂದಣಿ ಹಾಗೂ ಶಾಲಾ ದಾಖಲಾತಿಗಳನ್ನು ಅವಲಂಬಿಸಬಹುದು.

ಹೆಳವರ ಹೊತ್ತಿಗೆಗಳು

ಉತ್ತರ ಕರ್ನಾಟಕದಲ್ಲಿ ಹೆಳವರು ವಂಶಪಾರಂಪರ್ಯವಾಗಿ ಒಕ್ಕಲು ಮನೆತನಗಳ ಚರಿತ್ರೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಎತ್ತಿನೊಡನೆ ಮನೆಬಾಗಿಲಿಗೆ ಬಂದು, ಹಿರಿಯರ ಹೆಸರುಗಳನ್ನೂ ಮನೆತನ ಯಾವ ಊರಿನಿಂದ ಬಂದಿತೆಂಬುದನ್ನೂ ಹೇಳಿ, ಕಾಳುಕಡಿ ಪಡೆಯುವುದು ಅವರ ವೃತ್ತಿಯ ಪದ್ಧತಿ. ಸರ್ಕಾರಿ ದಾಖಲೆಗಳಿಗಿಂತ ಹಿಂದಿನ ಪೀಳಿಗೆಗಳ ಹೆಸರುಗಳೂ ಇವರಲ್ಲಿ ದೊರೆಯಬಹುದು. ಆದರೆ ಇದು ಸುಳಿವು ನೀಡುವ ಆಧಾರವೇ ಹೊರತು ಸರ್ಕಾರಿ ದಾಖಲೆಗೆ ಬದಲಿಯಲ್ಲ.

ಹೆಣ್ಣುಮಕ್ಕಳ ಹೆಸರುಗಳು

ಹಳೆಯ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳು ಬಿಟ್ಟುಹೋಗಿರುವುದುಂಟು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ವಿವಾಹಿತರು, ಅವಿವಾಹಿತರು ಹಾಗೂ ಮೃತರಾದವರು ಸೇರಿದಂತೆ ಎಲ್ಲ ಮಕ್ಕಳ ಹೆಸರುಗಳನ್ನೂ ವಂಶವೃಕ್ಷದಲ್ಲಿ ನಮೂದಿಸತಕ್ಕದ್ದು. ಒಂದು ಹೆಸರು ಬಿಟ್ಟುಹೋದರೂ ಮುಂದಿನ ಪೀಳಿಗೆಯವರು ನ್ಯಾಯಾಲಯದ ಮೆಟ್ಟಿಲೇರುವ ಪ್ರಸಂಗ ಬರಬಹುದು.